ಅದೇ ಪೈಪು, ಅದೇ ದಿಕ್ಕು

ಡಿಶ್ ಕಟ್ಟಲು ಬಂದ ಹುಡುಗ ತಾರಸಿ ಹತ್ತಿ ನಾಲ್ಕೂ ಕಡೆ ಕಣ್ಣಾಡಿಸಿದ. ಬಟ್ಟೆ ಹಗ್ಗ ಕಟ್ಟಿದ್ದ ಕಬ್ಬಿಣದ ಪೈಪನ್ನು ಹಿಡಿದು ಅಲ್ಲಾಡಿಸಿದ. ಅದು ಜಪ್ಪಯ್ಯ ಅನ್ನಲಿಲ್ಲ. "ಹಳೇ ಕಾಲದ್ದು ಅಕ್ಕ, ಇದಕ್ಕೇ ಕ್ಲಾಂಪ್ ಹಾಕ್ಬಿಡ್ತೀನಿ" ಎಂದ. ಮೊಬೈಲಿನಲ್ಲಿ ದಿಕ್ಸೂಚಿ ತೆರೆದಿಟ್ಟುಕೊಂಡು, ಡಿಶ್ಶನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾ ಹೋಗಿ, ಕೈಯಲ್ಲಿದ್ದ ಪುಟ್ಟ ಮೀಟರು ಕುಂಯ್ ಎಂದ ಜಾಗದಲ್ಲಿ ನಟ್ಟು ಬಿಗಿದ. ನಾನು ಹತ್ತಿರ ಹೋಗಿ ನೋಡಿದೆ. ಡಿಶ್ಶಿನ ಮುಖ ಯಾವ ಕಡೆಗಿತ್ತೋ ಆ ಕಡೆಯ ಮೋಟುಗೋಡೆಯ ಮೇಲೆ, ಒಣಗಿದ ಪಾಚಿಯ ಅಡಿಯಲ್ಲಿ, ಒಂದು ಕೆಂಪು ಬಾಣದ ಗುರುತು. ಪಕ್ಕದಲ್ಲಿ ಅಣ್ಣನ ದುಂಡು ಅಕ್ಷರದಲ್ಲಿ ‘ಬೆಂ’.

ಬಾಣವೂ ಡಿಶ್ಶೂ ಒಂದೇ ಕಡೆ ನೋಡುತ್ತಿದ್ದವು.

ಅಣ್ಣ ಆ ಬಾಣ ಬರೆದದ್ದು 1986ರಲ್ಲಿ, ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಬಣ್ಣದಲ್ಲಿ. ಆ ವರ್ಷ ಗೌರಿಹಬ್ಬಕ್ಕೆ ಅಪ್ಪ ಟಿವಿ ತಂದಿದ್ದರು. ಕ್ಯಾತ್ಸಂದ್ರದ ನಮ್ಮ ವಠಾರದಲ್ಲಿ ಎಂಟು ಮನೆ, ಟಿವಿ ಅದೊಂದೇ. ಕಪ್ಪು ಬಿಳುಪಿನದು, ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದರೆ ಮುಚ್ಚಿಕೊಳ್ಳುವ ಪಟ್ಟಿಪಟ್ಟಿ ಬಾಗಿಲು, ಬಾಗಿಲಿಗೊಂದು ಬೀಗದ ಕೈ. ಬೆಂಗಳೂರಿನ ಜೆ.ಸಿ. ನಗರದ ಗೋಪುರದಿಂದ ಹೊರಟ ಸಿಗ್ನಲ್ಲು ನಮ್ಮೂರಿಗೆ ಬರುವ ಹೊತ್ತಿಗೆ ಅರವತ್ತು ಕಿಲೋಮೀಟರಿನ ಹತ್ತಿರ ನಡೆದು ದಣಿದಿರುತ್ತಿತ್ತು. ಟಿವಿಯ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುವಂಥವು, ನೆಲದ ಬಾಗಿಗೆ ಬಾಗುವುದಿಲ್ಲ; ಅದಕ್ಕೇ ನಮ್ಮ ಕಡೆ ಆಂಟೆನಾ ಎತ್ತರಕ್ಕೆ ಹೋಗಲೇಬೇಕು. ಅಂಗಡಿಯವರು ಹೇಳಿದ್ದಂತೆ ಇಪ್ಪತ್ತು ಅಡಿಯ ಪೈಪು, ತುದಿಯಲ್ಲಿ ಆಂಟೆನಾ, ಅದರ ಕೊರಳಿಗೆ ಬೂಸ್ಟರ್ ಡಬ್ಬಿ. ಹಿಂದಿನ ಕಡ್ಡಿ ಎಲ್ಲಕ್ಕಿಂತ ಉದ್ದ, ಮುಂದಮುಂದಕ್ಕೆ ಬಂದಂತೆ ಗಿಡ್ಡ. ದೂರದಿಂದ ನೋಡಿದರೆ ಮೀನಿನ ಮುಳ್ಳು.

ಮಾಳಿಗೆ ಮೆಟ್ಟಿಲಿನ ಗೋಡೆಗೆ ಬಡಿದ ಎರಡು ಬಳೆಯೊಳಗೆ ಆ ಪೈಪು ನಿಂತಿತ್ತು. ಗಾಳಿ ಬೀಸಿದರೆ ತಿರುಗಿಬಿಡುತ್ತಿತ್ತು. ಆಷಾಢದಲ್ಲಂತೂ ದಿನಕ್ಕೆರಡು ಸಲ. ಆಗ ಅಣ್ಣ ಮೇಲೆ ಓಡುವನು, ನಾನು ಅಂಗಳಕ್ಕೆ, ಅಜ್ಜಿ ಟಿವಿ ಮುಂದೆ. ಅಜ್ಜಿ ನೋಡಿ ಹೇಳಬೇಕು, ನಾನು ಕೂಗಬೇಕು, ಅಣ್ಣ ತಿರುಗಿಸಬೇಕು. ಪರದೆಯ ಮೇಲೆ ಕುದಿಯುವ ಆ ಬಿಳಿ ಚುಕ್ಕೆಗಳಿಗೆ ಏನನ್ನಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜೀವಮಾನವಿಡೀ ಮೊರ ಹಿಡಿದ ಕೈ ಅಜ್ಜಿಯದು. ಅವಳೇ ಹೆಸರಿಟ್ಟಳು. ಚುಕ್ಕೆ ದಪ್ಪಗಿದ್ದರೆ ಅಕ್ಕಿ. ಸಣ್ಣಗಾದರೆ ರವೆ. ಇನ್ನೂ ನುಣ್ಣಗಾಗಿ, ಹಿಂದೆ ಮನುಷ್ಯರ ಮುಖ ಕಾಣತೊಡಗಿದರೆ ಹಿಟ್ಟು.

"ಈಗ?" ಮೇಲಿಂದ ಅಣ್ಣ.

"ಅಕ್ಕಿ ಕಣೋ!"

"ಈಗ?"

"ರವೆಗೆ ಬಂತು! ಇನ್ನೊಂಚೂರು... ಹಿಟ್ಟು, ಹಿಟ್ಟು! ಅಲ್ಲೇ ನಿಲ್ಸು!"

ಬೀದಿಯಲ್ಲಿ ಹೋಗುವವರು ಇವರ ಮನೆಯಲ್ಲೇನು ಗಿರಣಿ ಇಟ್ಟಿದ್ದಾರೋ ಎಂದು ತಿರುಗಿ ನೋಡುತ್ತಿದ್ದರು. ಹಾಗೆ ಹಿಟ್ಟಿಗೆ ಬಂದ ಒಂದು ಸಂಜೆ ಅಣ್ಣ ಆ ಬಾಣ ಬರೆದಿಟ್ಟ. ಆಂಟೆನಾದ ಮೂತಿಯನ್ನು ಬಾಣದ ನೇರಕ್ಕೆ ತಂದು ನಿಲ್ಲಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಆಮೇಲೂ ಅಜ್ಜಿಯನ್ನು ಕೇಳದೆ ಅವನು ಕೆಳಗಿಳಿದದ್ದು ನನಗೆ ನೆನಪಿಲ್ಲ.

1987ರ ಜನವರಿ 25ರಂದು ರಾಮಾಯಣ ಶುರುವಾಯಿತು. ಭಾನುವಾರ ಬೆಳಗ್ಗೆ ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕೊನೆಮನೆಯ ಟೈಲರ್ ಮಾಮ ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಬರುವನು. ಹೂ ಕಟ್ಟುವ ಅಕ್ಕ ಬುಟ್ಟಿಯನ್ನೇ ತಂದು ಕೂರುವಳು. ಅವಳ ಬೆರಳು ಒಂದು ಮೊಳವನ್ನೂ ತಪ್ಪುತ್ತಿರಲಿಲ್ಲ, ಕಣ್ಣು ಟಿವಿಯನ್ನು ಬಿಡುತ್ತಿರಲಿಲ್ಲ. ಹಿಂದಿ ಬರುತ್ತಿದ್ದದ್ದು ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾಗಿದ್ದ ತಾತನಿಗೆ ಮಾತ್ರ. ಅವರು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋಗುವರು. ಅಜ್ಜಿಗೆ ಅದು ಬೇಕಿರಲಿಲ್ಲ. ಕೈಕೇಯಿ ಬಾಯಿ ತೆರೆಯುವ ಮೊದಲೇ ಅವಳು ಏನು ಕೇಳುತ್ತಾಳೆಂದು ಅಜ್ಜಿ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಾಗಿರುತ್ತಿತ್ತು. ಮುಗಿದ ಮೇಲೆ ಅಪ್ಪ ಹತ್ತು ರೂಪಾಯಿ ಕೊಟ್ಟು ಅಣ್ಣನನ್ನು ತಟ್ಟೆ ಇಡ್ಲಿಗೆ ಅಟ್ಟುವರು. ನಮ್ಮೂರಿಗೆ ಹೆಸರು ತಂದ ಇಡ್ಲಿ ಅದು. ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬಂದದ್ದನ್ನು ಇದ್ದವರೆಲ್ಲ ಮುರಿದು ಹಂಚಿಕೊಳ್ಳುವುದು.

ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್ ಬಂದಾಗ ಮಾತ್ರ ತಾತನ ಅನುವಾದವನ್ನು ಯಾರೂ ಕೇಳಲಿಲ್ಲ. ಮಾತು ಹಿಂದಿ, ಊರು ಆಗುಂಬೆ. ಆ ಕಂಬದ ಜಗಲಿ, ಆ ಚಾವಡಿ, ಆ ಮಳೆ ಬಿದ್ದ ಬೀದಿ ನಮ್ಮವೇ. ಸ್ವಾಮಿ ಓಡಿದರೆ ನಾವು ಕುಳಿತಲ್ಲೇ ಓಡಿದಂತಾಗುತ್ತಿತ್ತು. ನಮ್ಮ ಕಡೆಯ ಹುಡುಗರ ಮುಖವನ್ನು ಇಡೀ ದೇಶ ನೋಡುತ್ತಿದೆ ಎಂಬ ಆ ಹೆಮ್ಮೆ ನನ್ನೊಳಗೆ ಇನ್ನೂ ಹಾಗೇ ಇದೆ.

ಗುಡುಗು ಶುರುವಾದರೆ ಎಲ್ಲ ಬಿಟ್ಟು ಅಮ್ಮ ಏಳುವಳು. ಟಿವಿಯ ಬೆನ್ನಿನಿಂದ ಚಪ್ಪಟೆ ವೈರನ್ನು ಕಿತ್ತು, ಅದರ ತುದಿಯನ್ನು ಒಂದು ಖಾಲಿ ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು, ಬಾಟಲಿಯನ್ನು ಕಿಟಕಿಯ ಮೇಲಿಡುವಳು. ಗಾಜು ಸಿಡಿಲನ್ನು ತಡೆಯುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಮಳೆ ನಿಲ್ಲುವವರೆಗೆ ಎಂಟು ಮನೆಯವರೂ ಆರಿದ ಟಿವಿಯ ಮುಂದೆ ಕೂತು ಮಾತಾಡುವರು. ತಾತ ಟಪಾಲು ಚೀಲ ಹೊತ್ತು ಹಳ್ಳ ದಾಟಿದ್ದು, ಅಜ್ಜಿ ತನ್ನ ಮದುವೆಗೆ ಗಾಡಿಯಲ್ಲಿ ಬಂದಿಳಿದದ್ದು ನನಗೆ ತಿಳಿದಿರುವುದು ಆ ಗುಡುಗಿನ ಸಂಜೆಗಳಿಂದ.

ಕೇಬಲ್ ಬಂದದ್ದು 1994ರ ಸುಮಾರಿಗೆ. ಉದಯ ಟಿವಿ ಶುರುವಾದ ವರ್ಷ ಅದು; ಮನೆಯಲ್ಲಿ ಕೂತು ದಿನವಿಡೀ ಕನ್ನಡ ನೋಡಬಹುದು ಎಂಬುದೇ ಒಂದು ಹಬ್ಬ. ಹಿಂದಿನ ಬೀದಿಯಲ್ಲಿ ಐಟಿಐ ಓದಿದ ಹುಡುಗನೊಬ್ಬ ತೆಂಗಿನ ಮರದಿಂದ ಲೈಟು ಕಂಬಕ್ಕೆ, ಕಂಬದಿಂದ ಮಾಳಿಗೆಗೆ ಕರಿ ವೈರು ಎಳೆದ. ತಿಂಗಳಿಗೆ ನೂರು ರೂಪಾಯಿ. ಒಂದನೇ ತಾರೀಕು ಸಂಜೆ ಬಂದು ಹಳದಿ ಕಾರ್ಡಿನಲ್ಲಿ ಸಹಿ ಹಾಕಿ ಹೋಗುವನು. ಆಂಟೆನಾ ಇಳಿಯಿತು. ಕಡ್ಡಿಗಳು ಗುಜರಿಗೆ ಹೋದವು, ಉದ್ದನೆಯದೊಂದು ಅಮ್ಮನ ದೇವರಮನೆಯ ಪರದೆಗೆ ಆಯಿತು. ಪೈಪಿನ ಅರ್ಧವನ್ನು ಕೊಯ್ಸಿ, ಮಿಕ್ಕದ್ದನ್ನು ಸಿಮೆಂಟಿನಲ್ಲಿ ನೆಟ್ಟು ಬಟ್ಟೆ ಹಗ್ಗ ಕಟ್ಟಿದರು. ಅದಕ್ಕೆ ಒಂದು ವರ್ಷ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ಕೇಬಲಿನ ಚಿತ್ರದಲ್ಲಿ ಅಕ್ಕಿಯೂ ಇರಲಿಲ್ಲ, ರವೆಯೂ ಇರಲಿಲ್ಲ.

ಕೇಬಲಿನ ಕಾಲವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆ ಹುಡುಗ ನಮ್ಮ ಮನೆಯ ಮಗನಂತಾದ. ಅವನದೇ ಒಂದು ಲೋಕಲ್ ಚಾನೆಲ್ ಇತ್ತು. ರಾತ್ರಿ ಒಂಬತ್ತಕ್ಕೆ ಕ್ಯಾಸೆಟ್ಟು ಹಾಕಿ ಒಂದು ರಾಜ್‌ಕುಮಾರ್ ಪಿಕ್ಚರು. ಕೆಳಗೆ ಓಡುವ ಅಕ್ಷರಗಳಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ, ನಲ್ಲಿ ನೀರು ಬಿಡುವ ಹೊತ್ತು, ಕಳೆದುಹೋದ ಕಂದು ಬಣ್ಣದ ಹಸು. ಶಿವರಾತ್ರಿ ಬಂತೆಂದರೆ ಸಿದ್ಧಗಂಗೆಯ ಜಾತ್ರೆಯನ್ನು ಕ್ಯಾಮೆರಾ ಹೊತ್ತು ತಾನೇ ತೋರಿಸುವನು. ಮಂಡಿನೋವಿನ ಮುದುಕಿಯರು ಮನೆಯಲ್ಲೇ ಕೂತು ರಥಕ್ಕೆ ಕೈ ಮುಗಿದರು.

1999ರ ಫೆಬ್ರವರಿ 7, ಭಾನುವಾರ. ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ವಿಕೆಟ್ಟುಗಳನ್ನು ಒಂದೊಂದಾಗಿ ಕೀಳುತ್ತಿದ್ದಾಗ, ಆರನೆಯದರ ಹೊತ್ತಿಗೆ ನಮ್ಮ ಬೀದಿಯ ಕೇಬಲ್ಲು ಹೋಯಿತು. ಲಾರಿಯೊಂದು ವೈರನ್ನು ಎಳೆದುಕೊಂಡು ಹೋಗಿತ್ತು. ಅವನು ಮೊಪೆಡ್ಡಿನಲ್ಲಿ ಬಂದ. ಊಟದ ಕೈ ಸರಿಯಾಗಿ ತೊಳೆದಿರಲಿಲ್ಲ. ಕಂಬ ಹತ್ತಿ, ಹಲ್ಲಿನಿಂದಲೇ ವೈರಿನ ಸಿಪ್ಪೆ ಸುಲಿದು ಜೋಡಿಸಿ, ಅಲ್ಲಿಂದಲೇ "ಬಂತಾ?" ಎಂದು ಕೂಗಿದ. ಬೀದಿಯ ಅಷ್ಟೂ ಮನೆಗಳಿಂದ "ಬಂತೂ" ಎಂಬ ಉತ್ತರ. ಶ್ರೀನಾಥ್ ಬೇಕೆಂದೇ ವಿಕೆಟ್ಟಿನಿಂದ ಆಚೆಗೆ ಹಾಕಿದ್ದು, ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದದ್ದು, 74 ರನ್ನಿಗೆ ಹತ್ತಕ್ಕೆ ಹತ್ತು. ನಾವು ಅದನ್ನು ಕಂಡದ್ದು ಅವನ ಹಲ್ಲಿನ ಪುಣ್ಯದಿಂದ.

ಮರುವರ್ಷ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಾಗಿನ 108 ದಿನ, ಅಮ್ಮ ವಾರ್ತೆ ಮುಗಿಯದೆ ಅನ್ನಕ್ಕೆ ಇಡುತ್ತಿರಲಿಲ್ಲ. ಆ ದಿನಗಳಲ್ಲಿ ಟಿವಿ ಎಂಟೂ ಮನೆಯಲ್ಲಿತ್ತು. ಆದರೂ ರಾತ್ರಿ ವಾರ್ತೆಗೆ ಒಬ್ಬೊಬ್ಬರಾಗಿ ನಮ್ಮ ಹಜಾರಕ್ಕೇ ಬಂದು ಕೂತರು.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, 111 ವರ್ಷದವರು, ಲಿಂಗೈಕ್ಯರಾದರು. ಹೊರಗೆ ಬೀದಿ ತುಂಬ ಜನ, ಒಳಗೆ ಟಿವಿ ತುಂಬ ಅದೇ ಜನ. ಮಠದಲ್ಲಿ ಉಂಡು ಓದಿದ್ದ ಅಪ್ಪ ಎರಡು ದಿನ ಆ ಪರದೆಯ ಮುಂದಿನಿಂದ ಏಳಲಿಲ್ಲ. ಅದಾದ ಹತ್ತು ದಿನಕ್ಕೆ, ಫೆಬ್ರವರಿಯಿಂದ, ಟ್ರಾಯ್‌ನ ಹೊಸ ದರಪಟ್ಟಿ ಬಂತು. ಮೊದಲ ನೂರು ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ, ದುಡ್ಡಿನ ಚಾನೆಲ್ಲುಗಳು ಬೇರೆ. ಬೇಕಾದ್ದನ್ನಷ್ಟೇ ಆರಿಸಿಕೊಳ್ಳಿ ಎಂಬುದು ಒಳ್ಳೆಯ ಮಾತೇ. ಆದರೆ ಆರಿಸುವವರು ಅಪ್ಪ. ಯಾವುದನ್ನೂ ಬೇಡ ಎನ್ನಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಬಿಲ್ಲು ನಾನ್ನೂರರ ಹತ್ತಿರ ಹೋಗಿ ನಿಂತಿತು. ಮನೆಯಲ್ಲಿ ಉಳಿದದ್ದು ಅಪ್ಪ, ಅಮ್ಮ ಇಬ್ಬರೇ. ಮಕ್ಕಳು, ಮೊಮ್ಮಕ್ಕಳು ಬಂದರೂ ಮೊಬೈಲಿನಲ್ಲೇ ಮ್ಯಾಚು, ಮೊಬೈಲಿನಲ್ಲೇ ಸಿನಿಮಾ.

ಅಪ್ಪನಿಗೆ ಈಗ ಎಂಬತ್ತನಾಲ್ಕು. ಅವರಿಗೆ ಬೇಕಿರುವುದು ಚಂದನ ವಾಹಿನಿ, ಅದರಲ್ಲೂ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’. ಗೆದ್ದವರಿಗೆ ಪುಸ್ತಕ ಕೊಡುವ ಕಾರ್ಯಕ್ರಮ ಅದು ಎಂಬುದೇ ಹೈಸ್ಕೂಲು ಮೇಷ್ಟ್ರಾಗಿದ್ದ ಅವರಿಗೆ ದೊಡ್ಡ ಸಂತೋಷ. ಸೆಟ್‌ಟಾಪ್ ಬಾಕ್ಸಿನ ನೂರಾರು ಚಾನೆಲ್ಲುಗಳ ನಡುವೆ ಚಂದನವನ್ನು ಹುಡುಕುವಷ್ಟರಲ್ಲಿ ಎರಡು ಪ್ರಶ್ನೆ ದಾಟಿರುತ್ತಿದ್ದವು. ಹೋದ ಕಾರ್ತಿಕದಲ್ಲಿ ಅಣ್ಣನೂ ನಾನೂ ಫೋನಿನಲ್ಲೇ ಮಾತಾಡಿ ತೀರ್ಮಾನಿಸಿದೆವು. ದೂರದರ್ಶನದ ಫ್ರೀ ಡಿಶ್ ಹಾಕಿಸೋಣ, ಒಮ್ಮೆ ಎರಡು ಸಾವಿರದೊಳಗೆ ಮುಗಿಯುತ್ತದೆ, ತಿಂಗಳ ದುಡ್ಡಿಲ್ಲ. ಮಿಕ್ಕದ್ದಕ್ಕೆ ಅಮ್ಮನ ಫೋನಿದೆ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ಬಿಟ್ಟ ವೇವ್ಸ್ ಆ್ಯಪನ್ನೂ ಅದಕ್ಕೆ ಹಾಕಿಕೊಟ್ಟೆ.

ಕೇಬಲ್ ಬೇಡ ಎಂದು ಆ ಹುಡುಗನಿಗೆ ಹೇಳುವುದು ನನಗೆ ಸಂಕಟವಾಗಿತ್ತು. ಹುಡುಗ ಎಲ್ಲಿ, ಅವನಿಗೂ ಐವತ್ತು ದಾಟಿದೆ. ಬಾಕ್ಸು ತೆಗೆದುಕೊಂಡು ಹೋಗಲು ಅವನೇ ಬಂದ. ಅಮ್ಮ ಕಾಫಿ ಕೊಟ್ಟಳು. "ಬೇಜಾರು ಮಾಡ್ಕೋಬೇಡಿ ಅಕ್ಕ, ನನ್ನ ಮನೇಲೂ ಮಕ್ಕಳು ಕೇಬಲ್ ನೋಡಲ್ಲ. ಈಗ ನಂದೂ ಇಂಟರ್ನೆಟ್ಟೇ. ಮೇಷ್ಟ್ರಿಗೆ ಒಂದು ಲೈನ್ ಹಾಕ್ಕೊಡ್ತೀನಿ" ಎಂದ. ಅದೇ ತೆಂಗಿನ ಮರ, ಅದೇ ಕಂಬದ ಮೇಲಿಂದ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಿರುವ ವೈರು ಎಳೆದುಕೊಟ್ಟು ಹೋದ. ಅಮ್ಮ ಹಳೆಯ ಹಳದಿ ಕಾರ್ಡುಗಳ ಕಟ್ಟನ್ನು ತಂದು ತೋರಿಸಿದಾಗ ತನ್ನ ಸಹಿಗಳ ಮೇಲೆ ಒಂದು ಗಳಿಗೆ ಬೆರಳಾಡಿಸಿದ. ಒಂದನ್ನು ಕೇಳಿ ಜೇಬಿಗೆ ಹಾಕಿಕೊಂಡ.

ಇನ್ನು ಆ ಬಾಣದ ವಿಷಯ. ಮೊಬೈಲಿನ ದಿಕ್ಸೂಚಿ 128 ಡಿಗ್ರಿ ತೋರಿಸುತ್ತಿತ್ತು, ಅಂದರೆ ಆಗ್ನೇಯ. ಫ್ರೀ ಡಿಶ್ಶಿಗೆ ಚಿತ್ರ ಕಳಿಸುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಿದೆ. ನಮ್ಮ ತಾರಸಿಯಿಂದ ಅದಿರುವ ದಿಕ್ಕೂ ಬೆಂಗಳೂರಿರುವ ದಿಕ್ಕೂ ಒಂದೇ. ಒಂದು ಬಾನಂಚಿನಲ್ಲಿ, ಇನ್ನೊಂದು ನೆತ್ತಿಯ ಹತ್ತಿರಕ್ಕೆ, ಅಷ್ಟೇ ವ್ಯತ್ಯಾಸ. ಆ ಉಪಗ್ರಹವನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಇರುವುದು ಹಾಸನದಲ್ಲಿ ಎಂದು ಹೇಳಿದಾಗ ಅಪ್ಪ "ಪಕ್ಕದ ಜಿಲ್ಲೆಯಪ್ಪಾ!" ಎಂದು ಕೂತಲ್ಲೇ ನೆಟ್ಟಗಾದರು.

ಬಾಣದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಬರೆದು ಉತ್ತರಿಸಲಿಲ್ಲ, ಫೋನೇ ಮಾಡಿದ. ಸ್ವಲ್ಪ ಹೊತ್ತು ಉಸಿರಷ್ಟೇ ಕೇಳಿಸಿತು.

"ಪುಟ್ಟೀ, ಈಗ?" ಎಂದ.

ನಾನು ಹಜಾರದ ಕಡೆ ನೋಡಿದೆ. ಚಂದನ ಬರುತ್ತಿತ್ತು. ಅಪ್ಪ ಕನ್ನಡಕ ಒರೆಸಿಕೊಂಡು ಪ್ರಶ್ನೆಗೆ ಕಾಯುತ್ತಿದ್ದರು. ಅಜ್ಜಿ ಕೂರುತ್ತಿದ್ದ ಮಣೆ ಗೋಡೆಗೆ ಒರಗಿತ್ತು.

"ಹಿಟ್ಟು ಕಣೋ" ಎಂದೆ. "ಅಲ್ಲೇ ನಿಲ್ಸು."

ರಾತ್ರಿ ಎಂಟೂವರೆಗೆ ಬೆಂಗಳೂರಿನ ಕಡೆ ಮಿಂಚಿತು. ಗುಡುಗು ಕೇಳುವ ಮೊದಲೇ ಅಮ್ಮ ಎದ್ದು ಅಡುಗೆಮನೆಗೆ ಹೋಗಿ, ಕೈಯಲ್ಲೊಂದು ಗಾಜಿನ ಬಾಟಲಿ ಹಿಡಿದುಕೊಂಡು ಬಂದಳು.