ಬಜೆಟ್‌ನಲ್ಲಿ ಒಂದೇ ಒಂದು ಸಾಲು

ಮೊನ್ನೆ ಭಾನುವಾರ ಊಟ ಮುಗಿಸಿ, ಇನ್ನೇನು ಕಣ್ಣಿಗೆ ಜೋಂಪು ಹತ್ತಬೇಕು ಅನ್ನುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ನೋಡಿದರೆ ನಮ್ಮ ಗದಗಿನ ಕಡೆಯ ಹುಡುಗ. ಇಲ್ಲೇ ಪುಣೆಯಲ್ಲಿ ಕಳೆದ ವರ್ಷ ಸಹಾಯಕ ಪ್ರಾಧ್ಯಾಪಕನಾಗಿ ಸೇರಿದ್ದಾನೆ. ಹಬ್ಬಕ್ಕೆ ಕರೆದರೆ ಬರದವನು ಕರೆಯದೇ ಬಂದಿದ್ದಾನೆ ಅಂದರೆ ಏನೋ ವಿಷಯ ಇರಲೇಬೇಕು!

"ಸರ, ಪ್ರಪೋಸಲ್ ಬರದೀನ್ರಿ. ಇನ್ನ ಹತ್ತ ದಿನಾ ಅದ. ಬಜೆಟ್ ಒಂದ ಸ್ವಲ್ಪ ನೋಡಿ ಕೊಡ್ರಿ" ಅಂದ.

ಲ್ಯಾಪ್‌ಟಾಪ್ ತೆರೆದು ತೋರಿಸಿದ. ಅಚ್ಚುಕಟ್ಟಾಗಿಯೇ ಬರೆದಿದ್ದ. ಯಂತ್ರಗಳ ಪಟ್ಟಿ, ಪ್ರತಿಯೊಂದಕ್ಕೂ ಮೂರು ಮೂರು ಕೊಟೇಶನ್, ಯಾಕೆ ಬೇಕು ಅನ್ನುವುದಕ್ಕೆ ಎರಡು ಪುಟದ ವಿವರಣೆ. ಕೆಳಗೆ ಬಂದರೆ 'ಮ್ಯಾನ್‌ಪವರ್: ಒಂದು ಜೆಆರ್‌ಎಫ್. ಸಮರ್ಥನೆ: ಯೋಜನೆಯ ಕೆಲಸಕ್ಕೆ ಅಗತ್ಯ'. ಅಷ್ಟೇ. ಒಂದೇ ಸಾಲು.

ನನಗೆ ನಿದ್ದೆ ಹಾರಿಹೋಯಿತು. ಯಾಕೆಂದರೆ 2021ರಲ್ಲಿ ನಾನೂ ಬರೆದದ್ದು ಅದೇ ಒಂದು ಸಾಲು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಷ್ಟೋ ಗೆಳೆಯರು ಕೇಳುತ್ತಾರೆ, "ನಿಮಗೆ ಸರಕಾರ ಸಂಬಳ ಕೊಡ್ತದಲ್ಲೋ ಮಾರಾಯ, ಮತ್ತೆ ಇನ್ಯಾವ ರೊಕ್ಕ?" ಅಂತ. ಸಂಬಳ ಬರುವುದು ಪಾಠ ಮಾಡುವುದಕ್ಕೆ. ನಮ್ಮಂಥ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಅಂದರೆ ನಾಲ್ಕು ಗೋಡೆ, ದೀಪ, ನಲ್ಲಿ. ಯಂತ್ರ ಬೇಕು, ರಾಸಾಯನಿಕ ಬೇಕು, ಹಳ್ಳಿಗೆ ಹೋಗಿ ಮಾದರಿ ತರಬೇಕು, ಕೆಲಸ ಮಾಡುವ ವಿದ್ಯಾರ್ಥಿಗೆ ತಿಂಗಳಿಗಿಷ್ಟು ಅಂತ ಕೊಡಬೇಕು ಅಂದರೆ ಹೊರಗೆ ಅರ್ಜಿ ಹಾಕಲೇಬೇಕು. ಸಿಎಸ್‌ಐಆರ್ ಇದೆ, 1971ರಲ್ಲಿ ಹುಟ್ಟಿದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇದೆ. ಅದರ ಜೊತೆಗೆ 2008ರ ಕಾಯ್ದೆಯಿಂದ ಎಸ್‌ಇಆರ್‌ಬಿ ಅಂತ ಮಂಡಳಿ ಬಂತು. 2023ರ ಕಾಯ್ದೆಯಿಂದ ಅದು ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಲ್ಲಿ ಸೇರಿಹೋಯಿತು. ಬಾಗಿಲಿನ ಮೇಲಿನ ಬೋರ್ಡು ಬದಲಾಗುತ್ತಿರುತ್ತದೆ, ಹೊರಗೆ ನಿಂತವರು ನಾವೇ!

ನನ್ನ ಮೊದಲ ಅರ್ಜಿ ಹೋದದ್ದು 2000ದಲ್ಲಿ. ಆಗ ಪೋರ್ಟಲ್ಲು ಪಾಸ್‌ವರ್ಡು ಇರಲಿಲ್ಲ. ಜಂಗ್ಲಿ ಮಹಾರಾಜ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ರಾತ್ರಿ ಹತ್ತರವರೆಗೆ ಕೂತು, ಪ್ರತಿಗಳನ್ನೆಲ್ಲ ಸ್ಪೈರಲ್ ಬೈಂಡ್ ಮಾಡಿಸಿ, ಸ್ಪೀಡ್ ಪೋಸ್ಟಿನಲ್ಲಿ ದೆಹಲಿಗೆ ಕಳಿಸಿದ್ದೆ. ಎಂಟು ತಿಂಗಳ ಮೇಲೆ ಮೂರು ಸಾಲಿನ ಪತ್ರ ಬಂತು, ವಿಷಾದಿಸುತ್ತೇವೆ ಅಂತ. ಅಲ್ಲಿಂದ ಇಲ್ಲಿಯವರೆಗೆ ಒಟ್ಟು ಒಂಬತ್ತು ಅರ್ಜಿ ಹಾಕಿದ್ದೇನೆ, ಮೂರು ಪಾಸಾಗಿವೆ. ಇದು ಕೆಟ್ಟ ಸರಾಸರಿ ಏನಲ್ಲ ಅಂತ ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ.

ಆ ಮೊದಲ ಪತ್ರ ಬಂದಾಗ ಊರಿಗೆ ಹೋಗಿದ್ದೆ. ಅಪ್ಪನಿಗೆ ಹೇಳಿದೆ. ನಮ್ಮದು ಗದಗಿನ ಹತ್ತಿರದ ಹಳ್ಳಿ. ಅಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಶುರುವಾದದ್ದು. ಹಾಗಾಗಿ ಅರ್ಜಿ, ಜಾಮೀನು, ಸೊಸೈಟಿ ಅಂದರೆ ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಅಪ್ಪ ಎಲ್ಲಾ ಕೇಳಿಸಿಕೊಂಡು, "ಬೀಜಕ್ಕ, ಗೊಬ್ಬರಕ್ಕ ಅಂತ ಬರೀತೀವಿ. ಆದ್ರ ಸಾಲಾ ತಗೋಳೂದು ಆಳಿನ ಪಗಾರಕ್ಕನ. ಬೀಜ ನಾಕ ದಿನಾ ತಡದೀತು, ಆಳು ತಡೀತಾನೇನು?" ಅಂದ. ಆಗ ನಕ್ಕು ಸುಮ್ಮನಾದೆ. ಅಪ್ಪ ಇದ್ದಾಗ ಆ ಮಾತು ನನಗೆ ತಿಳಿಯಲಿಲ್ಲ.

ಈಗ 2021ರ ಅರ್ಜಿಗೆ ಬರುತ್ತೇನೆ. ನನ್ನ ವಿಷಯ ಅಂತರ್ಜಲ. ಪುಣೆಯಿಂದ ನಮ್ಮ ಬೆಳಗಾವಿ, ವಿಜಯಪುರದವರೆಗೂ ನೆಲದ ಕೆಳಗಿರುವುದು ಒಂದೇ ಕಪ್ಪುಕಲ್ಲು, ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟು. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಶಿಥಿಲವಾದ ಮೇಲ್ಪದರದಲ್ಲಿ, ಬಿರುಕುಗಳಲ್ಲಿ, ಎರಡು ಪದರಗಳ ಸಂದಿನಲ್ಲಿ ನಿಲ್ಲುತ್ತದೆ. ಅದಕ್ಕೇ ಒಂದು ಬಾವಿ ತುಂಬಿದ್ದರೆ ಪಕ್ಕದ ಹೊಲದ ಬಾವಿ ಒಣಗಿರುತ್ತದೆ. ಜತ್ತ ತಾಲೂಕಿನಲ್ಲಿ ಅರವತ್ತು ಬಾವಿ ಆರಿಸಿ, ಮೂರು ವರ್ಷ, ಪ್ರತಿ ಮೇ ತಿಂಗಳು ಮಳೆಗೆ ಮುಂಚೆ ಮತ್ತು ನವೆಂಬರಿನಲ್ಲಿ ಮಳೆಯ ನಂತರ ನೀರಿನ ಮಟ್ಟ ಅಳೆದು, ನೀರಿನ ರಸಾಯನ ಪರೀಕ್ಷೆ ಮಾಡುವುದು ಯೋಜನೆ. ದೆಹಲಿಯ ಒಂದು ಸಂಸ್ಥೆ ಮಾರ್ಚ್ 2022ರಲ್ಲಿ ಮಂಜೂರು ಮಾಡಿತು. ಮನೆಯಲ್ಲಿ ಹೋಳಿಗೆ ಆಯಿತು.

ಜೆಆರ್‌ಎಫ್ ಆಗಿ ಬಂದವನು ಜತ್ತದವನೇ. ಶಾಲೆ ಕಲಿತದ್ದು ಮರಾಠಿಯಲ್ಲಿ, ಮನೆಯಲ್ಲಿ ಕನ್ನಡ. ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ತಡವರಿಸಿದವನು ಹೊಲಕ್ಕಿಳಿದ ಮೇಲೆ ನನಗಿಂತ ಜಾಣ. ಯಾವ ಬಾವಿ ಯಾರದು, ಯಾರ ಪಂಪು ಎಷ್ಟು ಹೊತ್ತಿಗೆ ಬಂದ್ ಆಗುತ್ತದೆ, ಎಲ್ಲಾ ಬಾಯಿಪಾಠ. ಪಂಪು ನಡೆಯುತ್ತಿರುವಾಗ ಮಟ್ಟ ಅಳೆದರೆ ಅದು ಸುಳ್ಳು ಅಂಕಿ. ಹಾಗಾಗಿ ಬೆಳಗಿನ ಜಾವ ಕರೆಂಟ್ ಹೋಗುವವರೆಗೆ ಬಾವಿ ಕಟ್ಟೆಯ ಮೇಲೆ ಕಾದು ಕೂರುತ್ತಿದ್ದ.

ಯಂತ್ರದ್ದೊಂದು ಕತೆ. ನೀರಿನ ಲವಣ ಅಳೆಯುವ ಅಯಾನ್ ಕ್ರೊಮ್ಯಾಟೊಗ್ರಾಫ್‌ಗೆ 24 ಲಕ್ಷದ ಕೊಟೇಶನ್ ಹಚ್ಚಿದ್ದೆ. ಸಂಶೋಧನಾ ಸಂಸ್ಥೆಗಳಿಗೆ ಆಗ 5% ಜಿಎಸ್‌ಟಿ, ಒಟ್ಟು 25 ಲಕ್ಷ 20 ಸಾವಿರ. ಮಂಜೂರಾದದ್ದೂ ಅಷ್ಟೇ. ನಾವು ಟೆಂಡರು, ಸಮಿತಿ ಅಂತ ಮುಗಿಸುವಷ್ಟರಲ್ಲಿ, 2022ರ ಜುಲೈ 18ರಿಂದ ಆ ರಿಯಾಯಿತಿ ರದ್ದಾಗಿ 18% ಆಯಿತು. ಲೆಕ್ಕ ಹಾಕಿ ನೋಡಿ, 28 ಲಕ್ಷ 32 ಸಾವಿರ. ಮೂರು ಲಕ್ಷದ ಮೇಲೆ ಎಲ್ಲಿಂದ ತರುವುದು? ರಾಸಾಯನಿಕಕ್ಕೆ, ಪ್ರಯಾಣಕ್ಕೆ ಅಂತ ಬಂದದ್ದನ್ನು ಯಂತ್ರಕ್ಕೆ ಹಾಕುವ ಹಾಗಿಲ್ಲ. ಕೊನೆಗೆ ಆಟೋಸ್ಯಾಂಪ್ಲರ್ ಬಿಟ್ಟುಬಿಟ್ಟೆ. ಅಂದರೆ ಬಾಟಲಿಗಳನ್ನು ಒಂದಾದ ಮೇಲೊಂದು ತಾನೇ ಯಂತ್ರಕ್ಕೆ ಉಣಿಸುವ ಭಾಗ.

ಬುದ್ಧಿವಂತಿಕೆಯ ಉಳಿತಾಯ ಅಂತ ಸಭೆಯಲ್ಲಿ ಹೊಗಳಿದರು. ನಾನೂ ಹಿಗ್ಗಿದೆ. ಆಮೇಲೆ ಆದದ್ದೇನು? ಅರವತ್ತು ಬಾವಿಯ ನೀರು, ಪ್ರತಿಯೊಂದನ್ನೂ ಎರಡು ಸಲ, ಒಂದೊಂದಕ್ಕೆ ಇಪ್ಪತ್ತು ನಿಮಿಷ, ಅಂದರೆ ನಲವತ್ತು ಗಂಟೆ. ಆ ನಲವತ್ತು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಸಿರಿಂಜು ಹಿಡಿದವನು ಆ ಹುಡುಗ. ಒಂದು ರಾತ್ರಿ ಫೈಲ್ ಮರೆತು ವಿಭಾಗಕ್ಕೆ ಹೋದಾಗ ನೋಡಿದೆ, ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಸ್ಟೂಲಿನ ಮೇಲೇ ಕೂತು ನಿದ್ದೆ ಹೊಡೆಯುತ್ತಿದ್ದ. ಎಬ್ಬಿಸದೆ ಬಂದುಬಿಟ್ಟೆ.

ಮಾರ್ಚ್ 2023 ಬಂತು. ಹೊಸ ವ್ಯವಸ್ಥೆಯ ಪ್ರಕಾರ ಹಣ ನಮ್ಮ ಖಾತೆಯಲ್ಲಿ ಇರುವುದಿಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದು ಅಂತ ಮಿತಿ ಮಾತ್ರ ಇರುತ್ತದೆ. ಮಾರ್ಚ್ 31ಕ್ಕೆ ಉಳಿದದ್ದು ವಾಪಸ್. ಮುಂದಿನ ಕಂತಿಗೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು, ಜಿಎಫ್‌ಆರ್ 12-ಎ ನಮೂನೆಯಲ್ಲಿ. ಕೊಟ್ಟೆವು. ಒಂದು ಸಹಿ ತಪ್ಪು ಜಾಗದಲ್ಲಿ ಬಿತ್ತು, ತಿರುಗಿ ಬಂತು. ಮತ್ತೆ ಕೊಟ್ಟೆವು. ಆ ತಪ್ಪು ನಮ್ಮ ಕಡೆಯದೇ. ಹೇಳಬೇಕೆಂದರೆ ನನ್ನದೇ, ಮೊದಲು ನೋಡಿ ಕಳಿಸಬೇಕಾದವನು ನಾನೇ ತಾನೆ. ಏಪ್ರಿಲ್, ಮೇ, ಜೂನ್ ಹೋದವು. ಹುಡುಗನಿಗೆ ಒಂದು ಪೈಸೆ ಇಲ್ಲ.

ಮೇ ತಿಂಗಳ ಅಳತೆ? ಮಾಡಿದ. ತನ್ನ ಕೈಯಿಂದ ಎಸ್‌ಟಿ ಬಸ್ಸಿಗೆ ಹಾಕಿಕೊಂಡು ಹೋಗಿ ಅರವತ್ತೂ ಬಾವಿ ಮುಗಿಸಿಕೊಂಡು ಬಂದ. ನಾನು ಹತ್ತು ಸಾವಿರ ಕೊಟ್ಟೆ, ತೆಗೆದುಕೊಂಡ. ಜುಲೈಯಲ್ಲಿ ಮತ್ತೆ ಕೊಡಲು ಹೋದರೆ, "ಬ್ಯಾಡ್ರಿ ಸರ, ಇದು ನಿಮ್ಮ ರೊಕ್ಕ" ಅಂದ. ತಮಾಷೆ ಎಂದರೆ ಫೆಲೋಶಿಪ್ ತಿಂಗಳಿಗೆ 31 ಸಾವಿರದಿಂದ 37 ಸಾವಿರಕ್ಕೆ ಏರಿದ ಆದೇಶ ಬಂದದ್ದು ಅದೇ 2023ರ ಜೂನಿನಲ್ಲಿ, ಜನವರಿಯಿಂದಲೇ ಅನ್ವಯ ಅಂತ. ವಿಭಾಗದಲ್ಲಿ ಯಾರೋ ಅವನಿಗೆ "ಪಾರ್ಟಿ ಯಾವಾಗ?" ಅಂತ ಕೇಳಿದರಂತೆ.

ಸೆಪ್ಟೆಂಬರಿನಲ್ಲಿ ನನ್ನ ಮುಂದೆ ಬಂದು ನಿಂತ. ತಂಗಿಯ ಕಾಲೇಜು ಫೀಸು ಕಟ್ಟಬೇಕು, ಸಾಂಗ್ಲಿಯಲ್ಲಿ ಒಂದು ಪಂಪ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಅಂದ. ಮಾರಾಟದ ಕೆಲಸ. ನಿಲ್ಲು ಅನ್ನಲು ನನಗೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ? ಬಾಕಿ ಹಣ ನವೆಂಬರಿನಲ್ಲಿ ಬಂತು, ಪೂರ್ತಿ ಅವನ ಖಾತೆಗೆ ಹೋಯಿತು. ಅವನು ತಿರುಗಿ ಬರಲಿಲ್ಲ. ಪಿಎಚ್‌ಡಿ ನೋಂದಣಿ ಹಾಗೇ ಕೊಳೆಯಿತು.

ಬದಲಿ ಹುಡುಗಿ ಬಂದದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ನವೆಂಬರ್ 2023ರ ಅಳತೆ ತಪ್ಪಿಹೋಗಿತ್ತು. ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬಹುದು, ರಾಸಾಯನಿಕ ಮುಗಿದರೆ ತರಿಸಬಹುದು. ಕಳೆದುಹೋದ ನವೆಂಬರಿನ ನೀರನ್ನು ಈಗ ಹೋಗಿ ಅಳೆಯಲು ಆಗುತ್ತದೆಯೇ? ನನ್ನ ಕೋಷ್ಟಕದಲ್ಲಿ ಆ ಅರವತ್ತು ಮನೆ ಇವತ್ತಿಗೂ ಖಾಲಿ ಇವೆ. 2025ರಲ್ಲಿ ಅಂತಿಮ ವರದಿ ಕೊಟ್ಟಾಗ ಹಣದ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಿತ್ತು. ಹುಡುಗನ ಬಗ್ಗೆ ಇದ್ದದ್ದು 'ಜೆಆರ್‌ಎಫ್ ರಾಜೀನಾಮೆ ನೀಡಿದರು' ಎಂಬ ಮೂರು ಶಬ್ದ. ಬರೆದವನು ನಾನೇ.

ಯಾರನ್ನೋ ಬೈಯಲು ಇದನ್ನು ಬರೆಯುತ್ತಿಲ್ಲ. ಸಾರ್ವಜನಿಕರ ಹಣ, ಲೆಕ್ಕ ಕೇಳಲೇಬೇಕು. ನಿಯಮಗಳೂ ಸಡಿಲವಾಗುತ್ತಿವೆ. ಜೂನ್ 2025ರಲ್ಲಿ ಕೇಂದ್ರದ ವೈಜ್ಞಾನಿಕ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ಸಾಮಾನು ಕೊಳ್ಳುವ ಮಿತಿಯನ್ನು ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಅದು ಸಾಮಾನಿನ ಮಾತು. ಹುಡುಗನ ಏಪ್ರಿಲ್ ತಿಂಗಳ ಊಟದ ಬಗ್ಗೆ ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ, ನಾವೂ ಬರೆಯುವುದಿಲ್ಲ. ಯಂತ್ರ ಯಾಕೆ ಬೇಕು ಅಂತ ಎರಡು ಪುಟ, ಮನುಷ್ಯ ಯಾಕೆ ಬೇಕು ಅಂತ ಒಂದು ಸಾಲು.

ಇದನ್ನೆಲ್ಲ ಹೇಳುವಷ್ಟರಲ್ಲಿ ಇವಳು ಎರಡು ಸಲ ಚಹಾ ತಂದಿಟ್ಟಿದ್ದಳು. ಹುಡುಗ ಪಾಪ, ಬಜೆಟ್ ಕೇಳಲು ಬಂದವನು ಪುರಾಣ ಕೇಳಿಕೊಂಡು ಕೂತಿದ್ದ. ಆಮೇಲೆ ಇಬ್ಬರೂ ಸೇರಿ ಮೊದಲಿನಿಂದ ಬರೆದೆವು. ಮೊದಲು ಮನುಷ್ಯ, ಆಮೇಲೆ ಯಂತ್ರ. ಅವನು ದಿನಕ್ಕೆ ಏನು ಮಾಡುತ್ತಾನೆ, ಎಷ್ಟು ಗಂಟೆ, ಯಾವ ತಿಂಗಳು ಅವನಿಲ್ಲದಿದ್ದರೆ ಯಾವ ಅಳತೆ ಶಾಶ್ವತವಾಗಿ ತಪ್ಪುತ್ತದೆ, ಒಂದು ಪುಟ ಆಯಿತು. ಮೂರು ಯಂತ್ರದಲ್ಲಿ ಒಂದನ್ನು ಕೈಬಿಟ್ಟೆವು, ಅದು ಪಕ್ಕದ ವಿಭಾಗದಲ್ಲೇ ಇದೆ. ಯಾವ ಯಂತ್ರದಿಂದ ಯಾವ ಭಾಗ ತೆಗೆದರೆ ಆ ಕೆಲಸ ಯಾರ ಕೈಗೆ ಬೀಳುತ್ತದೆ ಅಂತಲೂ ನೋಡಿದೆವು.

ಕಳಿಸುವ ಮೊದಲು ಇನ್ನೆರಡು ಕೆಲಸ ಹೇಳಿದೆ. ಒಂದು, ಕಂತು ತಡವಾದರೆ ಫೆಲೋಶಿಪ್ಪನ್ನು ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಮುಂಗಡವಾಗಿ ಕೊಡುತ್ತದೆಯೇ ಅಂತ ಕುಲಸಚಿವರ ಕಚೇರಿಗೆ ಈಗಲೇ ಪತ್ರ ಬರೆದು, ಉತ್ತರ ಬರಹದಲ್ಲೇ ತರಿಸಿಕೋ. ಮಂಜೂರಾದ ಮೇಲೆ ಕೇಳಿದರೆ ನೋಡೋಣ ಅಂತಾರೆ. ಎರಡು, ಸಂದರ್ಶನಕ್ಕೆ ಬಂದವರಿಗೆ ಏಪ್ರಿಲ್‌ನಿಂದ ಕೆಲವು ತಿಂಗಳು ಹಣ ತಡವಾಗಬಹುದು ಅಂತ ಮೊದಲೇ ಹೇಳಿಬಿಡು. ನಾನು ಹೇಳಿರಲಿಲ್ಲ.

"ಹಂಗ ಹೇಳಿದ್ರ ಯಾರೂ ಬರೂದಿಲ್ಲಲ್ರಿ ಸರ?" ಅಂದ.

"ಬರದಿದ್ರ ಬರದಿರ್ಲಿ" ಅಂದೆ. ಅಂದಮೇಲೆ ನನಗೇ ಅನುಮಾನ. ಮೊದಲೇ ಹೇಳಿದ್ದರೆ ಜತ್ತದ ಹುಡುಗ ಬರುತ್ತಿರಲಿಲ್ಲವೇನೋ. ಬಂದಿರದಿದ್ದರೆ ನನಗೆ ಸಿಕ್ಕ ಅಳತೆಗಳೂ ಸಿಗುತ್ತಿರಲಿಲ್ಲ. ಈ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ.

ಅವನು ಆಗೀಗ ಫೋನ್ ಮಾಡುತ್ತಾನೆ. ಕಳೆದ ಮೇ ತಿಂಗಳಲ್ಲೂ ಮಾಡಿದ್ದ. ಪಂಪು ಹಚ್ಚಿಸಲು ಹೋದ ಕಡೆ ನಮ್ಮ ಹಳೆಯ ಬಾವಿ ಸಿಕ್ಕರೆ ಟೇಪು ಇಳಿಬಿಟ್ಟು ನೋಡುತ್ತಾನಂತೆ. "ನಲವತ್ತೇಳನೇ ನಂಬರ್ ಬಾವಿ ಹನ್ನೊಂದು ಮೀಟರಿಗೆ ಹೋಗೇದ್ರಿ ಸರ" ಅಂದ. ಬರೆದುಕೊಂಡೆ.

ನನಗೆ ಇನ್ನು ನಾಲ್ಕು ವರ್ಷ ಸರ್ವೀಸು ಇದೆ. ಮೂರು ವರ್ಷದ ಒಂದು ಯೋಜನೆಗೆ ಅರ್ಜಿ ಹಾಕಲು ಸಮಯ ಇದೆ. ಹಾಕಲೋ ಬೇಡವೋ ಅಂತ ಮೊನ್ನೆಯಿಂದ ಯೋಚಿಸುತ್ತಿದ್ದೇನೆ. ಕುಲಸಚಿವರ ಕಚೇರಿಗೆ ನಾನೂ ಒಂದು ಪತ್ರ ಕೊಟ್ಟಿದ್ದೇನೆ, ಮುಂಗಡದ ಬಗ್ಗೆ. ಅದಕ್ಕೆ ಉತ್ತರ ಬರಲಿ, ಆಮೇಲೆ ನೋಡೋಣ.

ನಿಮ್ಮಲ್ಲೂ ಈ ದಾರಿಯಲ್ಲಿ ನಡೆದವರು ಇರಬಹುದು, ಅರ್ಜಿ ಹಾಕಿದವರಾಗಿಯೋ, ಆ ಒಂದು ಸಾಲಿನಲ್ಲಿ ಇದ್ದವರಾಗಿಯೋ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಏನಾದರೂ ದಾರಿ ಮಾಡಿದ್ದರೆ ತಿಳಿಸಿ. ನಮ್ಮ ಹುಡುಗನಿಗೆ ಇನ್ನೂ ನಾಲ್ಕು ದಿನ ಇದೆ.