ನೌಬಾದದ ಬಳಿ ಚಕಮಕಿ ಕಲ್ಲನ್ನು ಅರಸಿ

ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬೀದರ ಸೀಮೆಯಲ್ಲಿ ಉಪಾಧ್ಯಾಯವೃತ್ತಿಯನ್ನು ನಡೆಸಿ ಈಚೆಗೆ ವಿಶ್ರಾಂತರಾದವರು. ಸಂಸ್ಕೃತದ ಜೊತೆಗೆ ಚರಿತ್ರೆಯನ್ನೂ ಹೇಳುವ ಭಾರವು ನಮ್ಮ ಮೇಲಿದ್ದುದರಿಂದ, ಪ್ರತಿವರ್ಷವೂ ಶಿಲಾಯುಗದ ಪಾಠದಿಂದಲೇ ಆರಂಭಿಸುತ್ತಿದ್ದೆವು. ಆದಿಮಾನವನು ಕಲ್ಲಿನಿಂದ ಚಕ್ಕೆಗಳನ್ನು ಎಬ್ಬಿಸಿ ಕತ್ತಿ ಕೊಡಲಿಗಳನ್ನು ಮಾಡಿಕೊಂಡನೆಂದು ಹೇಳಿ ಮುಗಿಸುತ್ತಿದ್ದೆವು. ಒಂದು ವರ್ಷ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಗುರುಗಳೇ, ಆ ಕಲ್ಲು ನಮ್ಮ ಕಡೆ ಎಲ್ಲಿ ಸಿಗುತ್ತದೆ?" ಎಂದು ಕೇಳಿದನು. ಉತ್ತರ ತಿಳಿಯದ ನಾವು ಪುಟವನ್ನು ಮಗುಚಿದೆವು. ಮರುದಿನ ಅವನು ನಿಂಬೆಹಣ್ಣಿನ ಗಾತ್ರದ, ಮಾಸಲು ತೊಗಟೆಯ ಕಲ್ಲೊಂದನ್ನು ಮೇಜಿನ ಮೇಲಿಟ್ಟು, "ಇದೇ ಏನು?" ಎಂದನು. ನಾವು ನೋಡಿಯೂ ನೋಡದವರಂತೆ, "ಹೊಲದ ಹರಳು ತಂದು ಪಾಠ ಕೆಡಿಸಬೇಡ" ಎಂದು ಗದರಿಸಿ, ಅದನ್ನು ಕಿಟಕಿಯಾಚೆಗೆ ಎಸೆದುಬಿಟ್ಟೆವು.

ಅಮರಕೋಶದಲ್ಲಿ ಕಲ್ಲಿಗೆ ಏಳು ಹೆಸರುಗಳುಂಟು. ಶಿಲೆ, ಅಶ್ಮ, ಉಪಲ, ಪಾಷಾಣ ಮೊದಲಾದ ಆ ಏಳನ್ನೂ ಹುಡುಗರಿಂದ ಬಾಯಿಪಾಠ ಮಾಡಿಸಿದ ನಾವು, ಊರ ಹೊರಗಿನ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ಇಂತಹುದೆಂದು ಹೇಳಲಾರದೆ ಹೋದೆವು. ವಿಶ್ರಾಂತಿಯ ಬಿಡುವಿನಲ್ಲಿ ಈ ಮಾತು ಮನಸ್ಸನ್ನು ಪದೇಪದೇ ಚುಚ್ಚುತ್ತಿದ್ದಿತು. ಆ ಹುಡುಗನು ಈಗ ನಲವತ್ತು ದಾಟಿದ ಗೃಹಸ್ಥ. ನೌಬಾದದಿಂದ ಕೆಳಗಿಳಿದರೆ ಸಿಗುವ ಎರೆಭೂಮಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ತೊಗರಿ ಕಟಾವಾಗಿ ಹೊಲಗಳು ಬರಿದಾಗಿದ್ದ ಕಳೆದ ಮಾಘಮಾಸದಲ್ಲಿ ಅವನಿಗೆ ಹೇಳಿಕಳುಹಿಸಿ, ಒಂದು ಪ್ರಾತಃಕಾಲ ನೌಬಾದಕ್ಕೆ ಹೊರಟೆವು.

ನೌಬಾದವು ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದು, ಈಗ ಬೀದರ ನಗರದೊಳಗೆ ಸೇರಿಹೋಗಿದೆ. ಬೀದರಿನಂತೆ ಇದೂ ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಪ್ರಸ್ಥಭೂಮಿಯ ಮೇಲಿರುವುದು. ಇಲ್ಲಿನ ನೆಲಗಾಲುವೆಯಾದ ಕಾರೇಜು ಪ್ರಸಿದ್ಧವಾದುದು. ಬಹಮನಿ ಸುಲ್ತಾನರ ಕಾಲದಲ್ಲಿ, ಪಾರಸಿಕ ದೇಶದ ಕ್ರಮವನ್ನನುಸರಿಸಿ, ಭೂಮಿಯೊಳಗೆ ಸುರಂಗವನ್ನು ಕೊರೆದು, ಅದರ ಉದ್ದಕ್ಕೂ ಸಾಲಾಗಿ ಬಾವಿಗಳನ್ನು ಇಳಿಸಿ ನೀರನ್ನು ಹರಿಯಿಸಿದರು. ಮೇಲಿನ ಕೆಂಪು ಕಲ್ಲು ಜೇನುಹುಟ್ಟಿನಂತೆ ರಂಧ್ರಮಯವಾದುದು. ಮಳೆಯ ನೀರು ಅದರಲ್ಲಿ ಇಂಗಿ, ಕೆಳಗಿನ ಜೇಡಿ ಮತ್ತು ಕರಿಗಲ್ಲಿನ ಸ್ತರದ ಮೇಲೆ ನಿಲ್ಲುವುದು. ಆ ನೀರನ್ನೇ ಸುರಂಗವು ಹಿಡಿಯುವುದು.

ನಮ್ಮ ಶೋಧವನ್ನು ಈ ಕೆಂಪು ಕಲ್ಲಿನಿಂದಲೇ ಆರಂಭಿಸಿದೆವು. ಇದಕ್ಕೆ ಜಂಬಿಟ್ಟಿಗೆ ಎಂದು ಹೆಸರು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬುಕಾನನ್ ಎಂಬ ವೈದ್ಯನು ಮಲಬಾರಿನ ಇಂತಹ ಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ, ಲ್ಯಾಟರೈಟ್ ಎಂದು ಹೆಸರಿಟ್ಟನು. ನೆಲದಿಂದ ತೆಗೆದೊಡನೆ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ಗುಣ ಇದಕ್ಕುಂಟು. ಬೀದರದ ಕೋಟೆಯೂ ಅದರ ಕಂದಕವೂ ಇದರ ಪ್ರತಾಪಕ್ಕೆ ಸಾಕ್ಷಿಗಳು. ಆದರೆ ಉಂಡುಗಲ್ಲಿನಿಂದ ಹೊಡೆದು ನೋಡಿದಾಗ ಅದು ಪುಡಿಪುಡಿಯಾಗಿ ಉದುರಿತೇ ಹೊರತು ಅಲಗು ಹುಟ್ಟಲಿಲ್ಲ. ಕೋಟೆ ಕಟ್ಟಲು ಯೋಗ್ಯವಾದ ಕಲ್ಲು ಒಂದು ಹಗ್ಗವನ್ನು ಕತ್ತರಿಸಲೂ ಬಾರದೆಂದು ಅಲ್ಲಿ ತಿಳಿದೆವು.

ಅಲ್ಲಿಂದ ಶಿಷ್ಯನೊಡನೆ ಪ್ರಸ್ಥಭೂಮಿಯ ಅಂಚಿನ ಕಾಲುದಾರಿಯಲ್ಲಿ ಇಳಿದೆವು. ಕೆಂಪು ಕಲ್ಲು ಮುಗಿದು ಬಿಳುಪು ಬೆರೆತ ಜೇಡಿಮಣ್ಣು, ಅದರ ಕೆಳಗೆ ಈರುಳ್ಳಿಯಂತೆ ಪದರಪದರವಾಗಿ ಬಿಡುವ ಶಿಥಿಲವಾದ ಕರಿಗಲ್ಲು, ಅದಕ್ಕೂ ಕೆಳಗೆ ಎರೆಹೊಲಗಳು ಕ್ರಮವಾಗಿ ಬಂದವು. ಈ ಕರಿಗಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಕುದಿದು ಹರಿದು ಆರಿದ ಶಿಲಾರಸ. ಅದು ಆರುವಾಗ ಒಳಗೆ ಸಿಕ್ಕಿದ ಗಾಳಿಗುಳ್ಳೆಗಳು ಪೊಳ್ಳುಗಳಾಗಿ ನಿಂತವು. ಅನಂತರ ಆ ಪೊಳ್ಳುಗಳಲ್ಲಿ ಸಿಲಿಕವನ್ನು ಕರಗಿಸಿಕೊಂಡ ನೀರು ಜಿನುಗಿ, ಪದರದ ಮೇಲೆ ಪದರವಾಗಿ ಗಟ್ಟಿಗೊಂಡು ಕ್ಯಾಲ್ಸಿಡನಿ, ಅಕೀಕು ಎಂಬ ಕಲ್ಲುಗಳಾದವು. ಕರಿಗಲ್ಲು ಕಾಲಕ್ರಮದಲ್ಲಿ ಕೊಳೆತು ಎರೆಮಣ್ಣಾಯಿತು. ಕೊಳೆಯದ ಈ ಗಡ್ಡೆಗಳು ಹೊಲದಲ್ಲಿಯೂ ಹಳ್ಳದ ಉಸುಕಿನಲ್ಲಿಯೂ ಉಳಿದುವು. ನಾವು ಅರಸುತ್ತಿದ್ದುದು ಇವನ್ನೇ.

ಶಿಷ್ಯನು ನಮ್ಮನ್ನು ನೇರವಾಗಿ ತನ್ನ ಹೊಲದ ಬದುವಿಗೆ ಕರೆದೊಯ್ದನು. ನೇಗಿಲಿಗೆ ಅಡ್ಡಬಂದ ಕಲ್ಲುಗಳನ್ನು ಅವನ ತಂದೆ ತಾತಂದಿರು ಆಯ್ದು ಹಾಕಿದ ರಾಶಿ ಅದು. ಅದರ ಮುಂದೆ ಕುಳಿತು ಒಂದೊಂದನ್ನೇ ಪರೀಕ್ಷಿಸಿದೆವು. ಬಿಳಿಯ ಕಲ್ಲೆಲ್ಲ ಒಂದೇ ಅಲ್ಲ. ಚಾಕುವಿನಿಂದ ಗೀರಿದರೆ ಗೆರೆ ಬೀಳುವುದು ಸುಣ್ಣದ ಜಾತಿಯ ಹರಳು, ಅದು ನಿಷ್ಪ್ರಯೋಜಕ. ಯೋಗ್ಯವಾದ ಕಲ್ಲಿನ ಮೇಲೆ ಚಾಕು ಜಾರಿ, ತನ್ನ ಉಕ್ಕಿನ ಗುರುತನ್ನೇ ಬಿಡುವುದು. ಎರಡನೆಯದಾಗಿ, ಒಡೆದ ಮುಖದಲ್ಲಿ ಕಣಗಳು ಕಣ್ಣಿಗೆ ಕಾಣಬಾರದು, ಮೇಣದಂತೆ ನುಣುಪಿರಬೇಕು. ಮೂರನೆಯದಾಗಿ, ತೆಳುವಾದ ಅಂಚನ್ನು ಬಿಸಿಲಿಗೆ ಹಿಡಿದರೆ ಬೆಳಕು ತೂರಬೇಕು. ನಾಲ್ಕನೆಯದಾಗಿ, ಮೆಲ್ಲನೆ ತಟ್ಟಿದರೆ ನಾದ ಬರಬೇಕು. ಮಂದಧ್ವನಿಯಾದರೆ ಒಳಗೆ ಬಿರುಕುಂಟೆಂದು ತಿಳಿಯತಕ್ಕದ್ದು.

ಉಕ್ಕಿನ ತುಂಡಿನಿಂದ ಉಜ್ಜಿ ಹೊಡೆದಾಗ ಕಿಡಿಯೂ ಹಾರಿತು. ಬೆಂಕಿಪೆಟ್ಟಿಗೆ ಬರುವ ಮುನ್ನ ಒಲೆ ಹೊತ್ತಿಸುತ್ತಿದ್ದುದು ಈ ಚಕಮಕಿಯಿಂದಲೇ. ಕಲ್ಲಿನೊಳಗೆ ಬೆಂಕಿಯಿದೆಯೆಂದು ಜನರು ಹೇಳುವುದುಂಟು. ನಿಜವಾಗಿ ಗಟ್ಟಿಕಲ್ಲು ಕೆರೆದೆಬ್ಬಿಸಿದ ಉಕ್ಕಿನ ಸಣ್ಣ ಕಣವೇ ಕಾದು ಉರಿಯುವುದು.

ರಾಶಿಯಿಂದ ಆರಿಸಿದ ಗುಂಡುಕಲ್ಲನ್ನು ಚಪ್ಪಟೆ ಬಂಡೆಯ ಮೇಲಿಟ್ಟು, ನೆಟ್ಟಗೆ ಹೊಡೆದು ಎರಡು ಹೋಳು ಮಾಡಿದೆವು. ಆಮೇಲೆ ಹೋಳಿನ ಸಮತಟ್ಟಾದ ಮುಖದ ಅಂಚಿಗೆ ಉಂಡುಗಲ್ಲಿನಿಂದ ಓರೆಯಾಗಿ ಪೆಟ್ಟು ಕೊಟ್ಟೆವು. ಮೂರು ಪೆಟ್ಟು ವ್ಯರ್ಥವಾಯಿತು. ನಾಲ್ಕನೆಯದಕ್ಕೆ ಹೆಬ್ಬೆಟ್ಟಿನ ಉಗುರಿನಷ್ಟು ಚಕ್ಕೆಯೊಂದು ಕಳಚಿ ಬಿದ್ದಿತು. ಅದರ ಒಳಮೈಯಲ್ಲಿ ಕಪ್ಪೆಚಿಪ್ಪಿನ ಮೇಲಿರುವಂತಹ ಅಲೆಗಳು. ಅಂಚಾದರೋ ಗಾಜಿನಷ್ಟು ಹರಿತ. ಅದರಿಂದ ನಾವು ತೊಗರಿಕಟ್ಟಿನ ಹಗ್ಗವನ್ನು ಕೊಯ್ದೆವು.

ಇಲ್ಲಿಯ ಗಡ್ಡೆಗಳು ಬಹುಮಟ್ಟಿಗೆ ಚಿಕ್ಕವಾದುದರಿಂದ ದೊಡ್ಡ ಕೈಗೊಡಲಿ ಇವುಗಳಿಂದಾಗದು. ಇಂತಹ ಸಣ್ಣ ಕಲ್ಲಿನಿಂದ ಪ್ರಾಚೀನರು ಕಿರಿದಾದ ಅಲಗುಗಳನ್ನು ಎಬ್ಬಿಸಿ, ಮರದ ಅಥವಾ ಎಲುಬಿನ ಹಿಡಿಗೆ ಸಾಲಾಗಿ ಅಂಟಿಸಿಕೊಳ್ಳುತ್ತಿದ್ದರು. ಎಲ್ಲ ಸೀಮೆಯವರೂ ತಮ್ಮ ಕಾಲಡಿಯ ಕಲ್ಲನ್ನೇ ಅರಿತು ಬಳಸಿದರು. 1863ನೆಯ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಶಾಸ್ತ್ರಜ್ಞನು ಮದರಾಸಿನ ಬಳಿಯ ಪಲ್ಲಾವರದಲ್ಲಿ ಕಂಡ ಆಯುಧವು ಕ್ವಾರ್ಟ್ಸೈಟ್ ಶಿಲೆಯದು. ನಮ್ಮ ನಾಡಿನ ಹುಣಸಗಿಯ ಸಮೀಪದ ಇಸಾಂಪುರದಲ್ಲಿ, ಕೆ. ಪದ್ದಯ್ಯನವರು ಅಗೆದು ಶೋಧಿಸಿದ ನೆಲೆಯಲ್ಲಿ, ಸಿಲಿಕ ಬೆರೆತ ಸುಣ್ಣಶಿಲೆಯಿಂದಲೇ ಕೊಡಲಿಗಳನ್ನು ಮಾಡಿದ್ದರು. ಅದು ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಿನದೆಂದು ವಿದ್ವಾಂಸರು ಎಣಿಸಿರುವರು.

ಮಕ್ಕಳೊಡನೆ ಇದನ್ನು ಮಾಡಿನೋಡಬೇಕೆನ್ನುವ ಗೃಹಸ್ಥರಿಗೆ ಎರಡು ಮಾತು. ಚಕ್ಕೆಯು ಕಣ್ಣಿಗೆ ಸಿಡಿಯುವುದು, ಧೂಳು ಶ್ವಾಸಕೋಶಕ್ಕೆ ಕೆಡುಕು. ಆದುದರಿಂದ ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಬಟ್ಟೆ ಇರಲಿ, ಕೆಲಸವು ಬಯಲಿನಲ್ಲಿ ನಡೆಯಲಿ. ಮುರಿದ ಚೂರುಗಳನ್ನು ಹೊಲದಲ್ಲಿ ಬಿಡಬೇಡಿರಿ. ಬರಿಗಾಲಿಗೆ ಅಪಾಯ, ಮುಂದೆ ಶೋಧಿಸುವವರಿಗೆ ಭ್ರಾಂತಿ. ನಿಜವಾಗಿಯೇ ಪುರಾತನವಾದ ಆಯುಧವು ಕಂಡರೆ ಅದನ್ನು ಕೀಳದೆ, ಸ್ಥಳವನ್ನು ಗುರುತುಹಾಕಿಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸತಕ್ಕದ್ದು.

ಬದುವಿನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ, ಅಂದು ಕಿಟಕಿಯಾಚೆಗೆ ಎಸೆದ ಕಲ್ಲಿನ ಮಾತನ್ನು ನಾವೇ ಎತ್ತಿದೆವು. ಆ ಕಲ್ಲು ಈ ಬದುವಿನದೇ ಎಂದು ಶಿಷ್ಯನು ಹೇಳಿದನು. "ನೀನು ಹೇಳಿದ್ದು ಸರಿಯಾಗಿತ್ತಪ್ಪಾ, ತಪ್ಪಿದವರು ನಾವು" ಎಂದೆವು. ಅವನು ನಕ್ಕು, ರೊಟ್ಟಿಯನ್ನು ಮುರಿಯುತ್ತ, "ಅದಿರಲಿ ಬಿಡ್ರಿ ಗುರುಗಳೇ. ಆದರೆ ಅವತ್ತಿನಿಂದ ನಾನು ಸಾಲಿಗೆ ಏನೂ ತರಲಿಲ್ಲ" ಎಂದನು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಆದರೂ ನಮ್ಮ ಗಂಟಲಿನಲ್ಲಿ ತುತ್ತು ಇಳಿಯಲಿಲ್ಲ.

ಅಷ್ಟರಲ್ಲಿ ಅವನ ಕಿರಿಯ ಮಗಳು ಹಳ್ಳದ ಕಡೆಯಿಂದ ಓಡಿಬಂದು, ಒದ್ದೆಯಾದ ಕಲ್ಲೊಂದನ್ನು ನಮ್ಮ ಮುಂದೆ ಹಿಡಿದು, "ಇದು ಆಗ್ತದೇನ್ರಿ?" ಎಂದು ಕೇಳಿದಳು. ನಾವು ಎಡಗೈಯಿಂದ ಕನ್ನಡಕವನ್ನು ಸರಿಪಡಿಸಿಕೊಂಡು, ಕಲ್ಲನ್ನು ಒರೆಸಿ, ಚಾಕುವಿನಿಂದ ಗೀರಿದೆವು. ಗೆರೆ ಬಿದ್ದಿತು. "ಇದು ಆಗದು ಮಗು; ಏಕೆ ಆಗದೆಂಬುದನ್ನು ಇಲ್ಲಿ ನೋಡು" ಎಂದು ಚಾಕುವನ್ನೂ ಕಲ್ಲನ್ನೂ ಅವಳ ಕೈಗೆ ಕೊಟ್ಟೆವು. ಅವಳು ತಾನೇ ಒಮ್ಮೆ ಗೀರಿ ನೋಡಿ, ಇನ್ನೊಂದನ್ನು ತರುವೆನೆಂದು ಹಳ್ಳದ ಕಡೆಗೆ ಓಡಿದಳು.