ಸಿಮೆಂಟಿನ ಬಿರಡೆ

ಗಲ್ಫಿನಿಂದ ರಜೆಗೆ ಬಂದ ತಮ್ಮ ಮದುವೆ ಕರೆಯೋಲೆಯೊಂದರ ಬೆನ್ನ ಮೇಲೆ ಏನೋ ಗುಣಿಸುತ್ತಾ ಕುಳಿತಿದ್ದ. ಈ ಸಲ ಅವನ ರಜೆ ತುಸು ಉದ್ದವಾಗಿತ್ತು.

“ಮನೆ ಕಟ್ಟುವ ಲೆಕ್ಕವೇನೋ?”

“ಅಲ್ಲ ಆಪಾ, ಬಾವಿ ಮುಚ್ಚುವ ಲೆಕ್ಕ.”

ತೈಲಬಾವಿಗಳಿಗೆ ಸಿಮೆಂಟ್ ಇಳಿಸುವ ತಂಡದಲ್ಲಿ ಅವನ ಕೆಲಸ. ಬಾವಿ ಕೊರೆಯುತ್ತಾರೆಂದಷ್ಟೇ ನನಗೆ ಗೊತ್ತಿತ್ತು. ಬತ್ತಿದ ಬಾವಿಯನ್ನು ಹಾಗೆಯೇ ಬಿಟ್ಟರೆ ಆಳದ ಅನಿಲ, ಉಪ್ಪುನೀರು ಮೇಲಿನ ಸಿಹಿನೀರಿಗೆ ನುಗ್ಗಬಹುದಂತೆ. ಅದಕ್ಕೇ ಒಳಗೆ ಅಲ್ಲಲ್ಲಿ ಸಿಮೆಂಟಿನ ಬಿರಡೆ ಹಾಕುತ್ತಾರೆ. ಅಮೆರಿಕದ ಸಮುದ್ರ ಬಾವಿಗಳ ನಿಯಮದಲ್ಲಿ ತೈಲದ ಪದರದ ಮೇಲೂ ಕೆಳಗೂ ಕನಿಷ್ಠ 100 ಅಡಿ ಸಿಮೆಂಟ್ ಇರಬೇಕೆಂದಿದೆ.

ಎಂಟೂವರೆ ಇಂಚು ಅಗಲದ ಬಾವಿ ಮೀಟರಿಗೆ 36.6 ಲೀಟರ್ ಹಿಡಿಯುತ್ತದೆ. 150 ಮೀಟರ್ ಬಿರಡೆಗೆ 5,490 ಲೀಟರ್ ಸಿಮೆಂಟ್ ಗಂಜಿ. ಗುಣಿಸುವಾಗ ಅವನ ತುಟಿಯಲ್ಲಿ ಈಗಲೂ ನಮ್ಮ ಉರ್ದು ಶಾಲೆಯ ಪಹಾಡೆಯೇ! ಗಂಜಿ ಇಳಿಸುವ ಐದಿಂಚಿನ ಕೊಳವೆಯ ಉಕ್ಕೂ ಜಾಗ ಹಿಡಿಯುವುದರಿಂದ, ಕೊಳವೆ ಒಳಗಿರುವಾಗ ಗಂಜಿ 165 ಮೀಟರ್ ಎತ್ತರ ನಿಲ್ಲುತ್ತದೆ. ಎತ್ತಿದ ಮೇಲೆ 150ಕ್ಕೆ ಇಳಿಯುತ್ತದೆ. ಕೊಳವೆಯ ಒಳಗೂ ಹೊರಗೂ ಮಟ್ಟ ಸಮವಿರಬೇಕು. ಇಲ್ಲದಿದ್ದರೆ ಎತ್ತುವಾಗ ಗಂಜಿ ಕೆಸರಿನೊಡನೆ ಬೆರೆತು ಕೆಡುತ್ತದೆ.

ಇಷ್ಟೂ ಕಾಗದದ ಮಾತು. ನೆಲದಡಿಯ ಗೋಡೆ ಕುಸಿದು ಬಾವಿ ಒಂದೇ ಒಂದು ಇಂಚು ಅಗಲವಾಗಿದ್ದರೂ ಅಷ್ಟೇ ಗಂಜಿ 120 ಮೀಟರಿಗೇ ಮುಗಿದುಹೋಗುತ್ತದೆ. ಆದ್ದರಿಂದ ತಿಳಿದವರು ಮೊದಲೇ ಹೆಚ್ಚುವರಿ ಸೇರಿಸುತ್ತಾರೆ. ಗಟ್ಟಿಯಾದ ಮೇಲೆ ಕೊಳವೆ ಇಳಿಸಿ, ಭಾರ ಹೇರಿ, ಬಿರಡೆಯ ತಲೆ ಎಲ್ಲಿದೆಯೆಂದು ಮುಟ್ಟಿ ನೋಡುತ್ತಾರೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ ಸಿಡಿದು 11 ಜನ ಸತ್ತರು. ತಳದ ಸಿಮೆಂಟ್ ಕೈಕೊಟ್ಟಿತ್ತು. ಮೇಲಿನ ಬಿರಡೆ ಹಾಕುವ ಮುನ್ನವೇ ಭಾರದ ಕೆಸರನ್ನು ತೆಗೆದು ಸಮುದ್ರದ ನೀರು ತುಂಬಿಸುತ್ತಿದ್ದರು. ಆ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅಮ್ಮಿ, ದೇಶ ಯಾವುದೆಂದೂ ಕೇಳದೆ, ಇವನಿಗೆ ಫೋನ್ ಹಚ್ಚಲು ಹೇಳಿದ್ದರು.

“ನಿನ್ನ ಬಾವಿಯಲ್ಲಿ ಏನಾಯಿತು?” ಎಂದು ಕೇಳಿದೆ.

ಮುಟ್ಟಿ ನೋಡಿದಾಗ ಬಿರಡೆಯ ತಲೆ 30 ಮೀಟರ್ ಕೆಳಗಿತ್ತಂತೆ. ಇನ್ನೊಂದು ಸಲ ಸಿಮೆಂಟ್ ಇಳಿಸಬೇಕೆಂದರೆ ಯಂತ್ರ, ಜನ ಎಲ್ಲ ಕಾಯಬೇಕು, ಗಂಟೆಗಂಟೆಗೂ ಹಣ. ಮೇಲಿನವನು, “150 ಎಂದೇ ಬರೆ, ಲೆಕ್ಕದಲ್ಲಿ ಇರುವುದೇ ಅದು” ಎಂದನಂತೆ. ಇವನು 120 ಎಂದು ಬರೆದು ಸಹಿ ಹಾಕಿದ. ಕೊರತೆಯಷ್ಟನ್ನು ಮತ್ತೆ ತುಂಬಿಸಿದರು.

“ಮತ್ತೆ ಯಾವಾಗ ಹೊರಡುತ್ತೀ?”

ಅವನು ಕರೆಯೋಲೆಯನ್ನು ಮಡಚಿ ಜೇಬಿಗಿಟ್ಟುಕೊಂಡ. “ಇನ್ನೂ ಕರೆದಿಲ್ಲ. ಅಮ್ಮಿಗೆ ಹೇಳಬೇಡ ಆಪಾ.”